ನೆಲಮಹಡಿಯ ನೀರು

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಬಂದ ಹೆಂಗಸು, ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಮ್ಮ ಯಜಮಾನ್ರು ಪಂಪ್ ಹಾಕಿದ್ರು ಮೇಡಂ. ನೀರೇ ಬರ್ಲಿಲ್ಲ. ಈಗ ಎಲ್ಲಾ ಅವರ ತಲೆಗೇ ಕಟ್ತಿದಾರೆ."

ಆಕೆಯ ಗಂಡ ಎಂಟಂತಸ್ತಿನ ವಸತಿ ಕಟ್ಟಡವೊಂದರ ಕಾವಲುಗಾರ. ಶನಿವಾರ ಮಧ್ಯಾಹ್ನ ಐದನೇ ಮಹಡಿಯಲ್ಲಿ ಬೆಂಕಿ ಬಿದ್ದು, ಒಬ್ಬರೇ ಇದ್ದ ನಿವೃತ್ತ ಶಿಕ್ಷಕಿ ತೀರಿಕೊಂಡಿದ್ದರು. ಕಾವಲುಗಾರ ಎರಡೂ ಕೈ ಸುಟ್ಟುಕೊಂಡು ಆಸ್ಪತ್ರೆಯಲ್ಲಿದ್ದ. ಅವನು ಪಂಪನ್ನೇ ಚಾಲೂ ಮಾಡಲಿಲ್ಲವೆಂದು, ಬೆಂಕಿ ಆರಿಸುವ ಪೈಪುಗಳನ್ನು ಜೋಡಿಸಿದ್ದ ಗುತ್ತಿಗೆದಾರ ಭಾನುವಾರವೇ ಹೇಳಿಕೆ ಕೊಟ್ಟಾಗಿತ್ತು. ಇನ್ಸ್‌ಪೆಕ್ಟರ್ ಅದನ್ನು ಮುಕ್ಕಾಲು ಪಾಲು ನಂಬಿದ್ದಳು.

"ಕೈ ಹೇಗೆ ಸುಟ್ಟಿತು?"

"ಈಗ ಬರುತ್ತೆ, ಆಗ ಬರುತ್ತೆ ಅಂತ ಪೈಪ್ ಹಿಡ್ಕೊಂಡು ಆ ಟೀಚರ್ ಮನೆ ಬಾಗಿಲಲ್ಲೇ ನಿಂತಿದ್ರು. ಪಂಪ್ ಹಾಕ್ದೇ ಇದ್ದೋರು ಹಾಗೆ ಕಾಯ್ತಾರಾ ಮೇಡಂ?"

ಇನ್ಸ್‌ಪೆಕ್ಟರ್ ಗುತ್ತಿಗೆದಾರನ ಹೇಳಿಕೆಯನ್ನು ಪಕ್ಕಕ್ಕಿಟ್ಟಳು. ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ದಾಖಲಾಯಿತು. ಆರೋಪಿಯ ಹೆಸರಿನ ಜಾಗವನ್ನು ಅವಳು ಖಾಲಿ ಬಿಟ್ಟಳು.

ಸ್ಥಳ ಪಂಚನಾಮೆಗೆ ಪಂಚರಾಗಿ ಪಕ್ಕದ ದರ್ಜಿಯೂ ಮೂರನೇ ಮಹಡಿಯ ಅಜ್ಜನೂ ಬಂದರು. ಗುತ್ತಿಗೆದಾರ ಕರೆಯದೆಯೇ ಬಂದು ನಿಂತಿದ್ದ. ಪಂಪ್ ಚಾಲೂ ಆಯಿತು. ದಫೇದಾರ ನೆಲಮಹಡಿಯ ನಲ್ಲಿ ತಿರುಗಿಸಿದ್ದೇ ತಡ, ನೀರು ನುಗ್ಗಿ ಅವನ ಸಮವಸ್ತ್ರ ತೊಪ್ಪೆಯಾಯಿತು.

"ಸ್ನಾನ ಆಯ್ತಲ್ಲ ದಫೇದಾರ್ರೇ!" ಗುತ್ತಿಗೆದಾರ ನಕ್ಕ. "ನೋಡಿದ್ರಲ್ಲ ಮೇಡಂ. ಪಾಪ, ಗಾಬರೀಲಿ ಅವನಿಗೆ ಗುಂಡಿ ಸಿಕ್ಕಿಲ್ಲ. ಬರ್ಕೊಂಡ್ಬಿಡಿ. ಅಗ್ನಿಶಾಮಕದಿಂದ ಪರೀಕ್ಷೆಗೆ ಬರೋರೂ ಇಷ್ಟೇ ನೋಡೋದು."

ಅವಳ ಪೆನ್ನು ನಿಂತಿತು. "ಅವರು ಮೇಲೆ ಹತ್ತಲ್ವಾ?"

"ಎಲ್ಲಾ ಒಂದೇ ಪೈಪಲ್ವಾ? ಅನ್ನ ಬೆಂದಿದೆಯಾ ನೋಡೋಕೆ ಒಂದು ಅಗುಳು ಸಾಕು."

"ನಂಗೆ ಮೇಲಿನ ಅಗುಳೂ ಬೇಕು. ನಡೀರಿ."

ಮೊದಲ ಮಹಡಿಯ ನಲ್ಲಿ ಸಲೀಸಾಗಿ ತಿರುಗಿತು. ಒಂದು ಹನಿಯೂ ಇಲ್ಲ.

"ಪ್ರೆಷರ್ ಕಮ್ಮಿ ಇರ್ಬೇಕು," ಎಂದ ಗುತ್ತಿಗೆದಾರ. ಅವನೀಗ ನಗುತ್ತಿರಲಿಲ್ಲ.

"ಒಂದೇ ಒಂದು ಮಹಡಿ ಏರೋಕೂ?"

ದಫೇದಾರ ಪೈಪಿಗೆ ಲಾಠಿ ತಟ್ಟಿದ. ಖಾಲಿ ಕೊಡದಂತೆ ಠಣ್ ಎಂದಿತು.

ಪೈಪು ನೆಲ ಮುಟ್ಟುವಲ್ಲಿ ಕೆಂಪು ಬಳಿದ ದುಂಡು ತಗಡಿತ್ತು. ಪಂಚರ ಎದುರೇ ಅವಳು ಅದರ ಸ್ಕ್ರೂ ಬಿಚ್ಚಿಸಿದಳು. ತಗಡಿನಡಿ ತೂತೇ ಇರಲಿಲ್ಲ. ಸ್ಲ್ಯಾಬ್ ಕೊರೆದೇ ಇರಲಿಲ್ಲ. ಒಡೆಯದ ಟೈಲ್ಸಿನ ಮೇಲೆ ಪೈಪು ಸುಮ್ಮನೆ ನಿಂತಿತ್ತು. ಕೆಳಗಿನ ಪೈಪು ನೆಲಮಹಡಿಯ ಚಾವಣಿಗೆ ಮುಟ್ಟಿ, ಮುಚ್ಚಳ ಹಾಕಿಸಿಕೊಂಡು ಮುಗಿದಿತ್ತು. ಎಂಟನೇ ಅಂತಸ್ತಿನವರೆಗೂ ಇದೇ ವೇಷ.

"ಧೂಳು ಕೂತಿದೆ ಅಂತ ವಾರವಾರ ನಾನೇ ಒರೆಸ್ತಿದ್ದೆನಲ್ಲಮ್ಮ ಇದನ್ನ," ಎಂದ ಅಜ್ಜ. ಪಂಚನಾಮೆಗೆ ಮೊದಲ ಸಹಿ ಅವನೇ ಹಾಕಿದ.

ಸಂಜೆ ನಾಲ್ಕಕ್ಕೆ ಠಾಣೆಯಲ್ಲಿ ವಿಚಾರಣೆ.

"ಕಾವಲುಗಾರನ ಮೇಲೆ ಯಾಕೆ ಹಾಕಿದ್ರಿ?"

"ಅವನ ಪರ ಮಾತಾಡೋರು ಯಾರಿದ್ದಾರೆ ಅಂದ್ಕೊಂಡೆ."

"ಅವರ ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ ನೋಡಿ. ಸ್ಲ್ಯಾಬ್ ಯಾಕೆ ಕೊರೀಲಿಲ್ಲ?"

ಅವನು ಬಾಗಿಲಾಚೆಯ ಬೆಂಚಿನತ್ತ ನೋಡಿದ. "ನಾನು ಕೆಲಸ ಹಿಡಿದ ಮೊದಲನೇ ಕಟ್ಟಡದಲ್ಲಿ ತುತ್ತತುದಿವರೆಗೂ ನೀರು ಏರಿಸಿದ್ದೆ ಮೇಡಂ. ಮೇಲೆ ಬಂದು ನೋಡಿ ಅಂತ ಪರೀಕ್ಷೆಯವರನ್ನ ನಾನೇ ಕರೆದೆ. 'ನಿನ್ನ ಮೇಲೆ ನಂಬಿಕೆ ಇದೆಯಪ್ಪ' ಅಂತ ಕೆಳಗಿಂದ್ಲೇ ಹೋದ್ರು. ಎರಡನೇದ್ರಲ್ಲೂ ಅಷ್ಟೇ. ನೋಡೋರಿಲ್ಲದ ಕೆಲಸಕ್ಕೆ ಯಾಕೆ ಸಾಯ್ಬೇಕು ಅನ್ನಿಸ್ಬಿಡ್ತು."

ಐದೂಕಾಲಿಗೆ ದಸ್ತಗಿರಿಯಾಯಿತು. ಮಹಡಿ ಹತ್ತದೆಯೇ ಪರೀಕ್ಷೆಯಾಯಿತೆಂದು ಸಹಿ ಹಾಕಿದ ಅಧಿಕಾರಿಗೆ ನೋಟಿಸು ಹೊರಟಿತು.

ಅವಳು ಹೊರಬಂದು ಬೆಂಚಿನ ಬಳಿ ನಿಂತಳು. "ಪಂಪ್ ಓಡಿದ್ರೂ ಮೇಲಕ್ಕೆ ನೀರು ಹೋಗೋ ದಾರೀನೇ ಇರ್ಲಿಲ್ಲಮ್ಮ. ತಪ್ಪು ಅವರದ್ದಲ್ಲ ಅಂತ ಯಜಮಾನ್ರಿಗೆ ಹೇಳಿ."

"ನೀವೇ ಬಂದು ಹೇಳಿ ಮೇಡಂ. ನಾನು ಹೇಳಿದ್ರೆ ಸಮಾಧಾನಕ್ಕೆ ಅಂತಾರೆ. ತಾನೇ ಏನೋ ಮರೆತೆ ಅಂತ ಕೊರಗ್ತಿದಾರೆ."

"ನಡೀರಿ." ಅವಳು ಟೊಪ್ಪಿ ಕೈಗೆತ್ತಿಕೊಂಡಳು.

ದಫೇದಾರ ಜೀಪಿನ ಬಾಗಿಲು ತೆಗೆದ. "ಇವನು ಪೈಪ್ ಹಾಕಿದ ಕಟ್ಟಡಗಳು ಇನ್ನೂ ಇವೆಯಂತೆ ಮೇಡಂ. ಆಸ್ಪತ್ರೆಯಿಂದ ನೇರ ಹೋಗೋಣ್ವಾ? ಯಾವ ಮಹಡಿಯಿಂದ ಶುರು ಮಾಡೋದು?"

"ಮೇಲಿಂದ," ಎಂದಳು ಇನ್ಸ್‌ಪೆಕ್ಟರ್.