ಬಿರುಕಿನ ಮೇಲಿನ ಚೀಟಿ

"ಈ ದಾರ ಕಿತ್ತಿದ್ದು ಯಾರು?"

ಸಾವಿರಾರು ವರ್ಷ ಹಳೆಯ ಕಲ್ಲುಗೋರಿಯ ಮುಂದೆ ನಿಂತು ಅವಳು ಕೇಳಿದ ಜೋರಿಗೆ, ಒಳಗೆ ಮಲಗಿದ್ದವರೂ ಎದ್ದು ಕೂರಬೇಕಿತ್ತು.

ನಾಲ್ಕು ಚಪ್ಪಡಿಗಳ ಮೇಲೊಂದು ಹೆಬ್ಬಂಡೆ, ತೆವಳಿ ಹೋಗಲು ಒಂದು ದುಂಡು ಕಿಂಡಿ. ಒಳಗೆ ಅಡ್ಡಡ್ಡ ದಾರ ಕಟ್ಟಿ ಅಳೆದು, ಹತ್ತು ದಿನದಿಂದ ಅವಳು ನಕ್ಷೆ ಬರೆಯುತ್ತಿದ್ದಳು. ನಾಳೆ ಗೋರಿಗೆ ಮರಳು ತುಂಬಿ ಮುಚ್ಚುತ್ತಾರೆ. ಒಂದು ಗೋಡೆ ಬಾಕಿಯಿತ್ತು. ಕೈ ತೊಳೆದು ಬರುವಷ್ಟರಲ್ಲಿ ದಾರಗಳೆಲ್ಲ ಗೋಜಲಾಗಿ ಬಿದ್ದಿದ್ದವು.

"ನಾನೇ," ಎಂದ ಎಂಜಿನಿಯರ್. ಬಂಡೆಗಳ ಭದ್ರತೆ ನೋಡಿಕೊಳ್ಳುವುದು ಅವನ ಕೆಲಸ. ಅಂಗಿಯ ಮೊಣಕೈ ಹರಿದಿತ್ತು.

ಬಂದ ದಿನದಿಂದ ಮುಖ ಕೊಟ್ಟು ಮಾತಾಡಿಲ್ಲ... ಇವತ್ತು ನನ್ನ ಕೆಲಸಕ್ಕೇ ಕಲ್ಲು ಹಾಕಿದ! ಇಂಥವನನ್ನು ಕಂಡರೆ ಎದೆ ಹೊಡೆದುಕೊಳ್ಳುತ್ತದಲ್ಲ ಎಂದು ಅವಳಿಗೆ ತನ್ನ ಮೇಲೂ ಸಿಟ್ಟು ಬಂತು.

"ಯಾರನ್ನ ಕೇಳಿ ಕಿತ್ರಿ?"

"ಕೇಳೋಕೆ ನೀವೆಲ್ಲಿದ್ರಿ? ಕಿಂಡಿ ಪಕ್ಕದ ಬಿರುಕಿನ ಮೇಲೆ ನಾನು ಅಂಟಿಸಿದ್ದ ಚೀಟಿ ಹರಿದಿತ್ತು. ಅದು ಹರಿದ್ರೆ ಬಂಡೆ ಜರುಗ್ತಿದೆ ಅಂತ ಅರ್ಥ. ಕೂಗಿದೆ, ಉತ್ತರ ಇಲ್ಲ."

ಅವಳು ಕಿಂಡಿಯ ಪಕ್ಕ ನೋಡಿದಳು.

"ಆ ಚೀಟಿನಾ? ನಕ್ಷೆ ಬರೆಯೋಕೆ ಬಿರುಕು ಕಾಣ್ತಿರಲಿಲ್ಲ ಅಂತ ಬೆಳಿಗ್ಗೆ ನಾನೇ ಕಿತ್ತೆ, ಅರ್ಧ ಹರಿದು ಬಂತು."

"ನೀವು ಕಿತ್ರಾ?" ಅವನ ಧ್ವನಿ ಏರಿತು. "ಅದರ ಮೇಲೆ ತಾರೀಖು ಬರೆದಿದ್ದು ಚೆಂದಕ್ಕಾ?"

"ಏನು ಅಂತ ಹೇಳಿದ್ರಾ? ಬಾಯಿ ಬಿಟ್ರೆ ಮುತ್ತು ಉದುರುತ್ತಾ?"

ಇಬ್ಬರೂ ದುರುಗುಟ್ಟಿಕೊಂಡು ನಿಂತರು. ಆಗ ಅವಳಿಗೆ ಹೊಳೆಯಿತು. ಹೊರಗೆ ನಿಂತು ಆ ದಾರಗಳನ್ನು ಕೀಳಲು ಆಗುವುದಿಲ್ಲ.

"ಒಂದು ನಿಮಿಷ... ಬಂಡೆ ಬೀಳುತ್ತೆ ಅಂದ್ಕೊಂಡೂ ಒಳಗೆ ನುಗ್ಗಿದ್ರಾ?"

"ನೀವು ಒಳಗಿದ್ದೀರಿ ಅಂದ್ಕೊಂಡೆ. ಕತ್ತಲಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಎಳೆದೆ."

"ತಲೆ ಕೆಟ್ಟಿದೆಯಾ ನಿಮಗೆ? ಏನಾದ್ರೂ ಆಗಿದ್ರೆ ನಾನು..." ಕಣ್ಣೀರು ಬಂತು. ಅದಕ್ಕೂ ಅವಳಿಗೆ ಸಿಟ್ಟು. "ಬೇರೆ ಯಾರಿದ್ರೂ ಹೀಗೇ ನುಗ್ತಿದ್ರಾ?"

"ಹೋಗ್ತಿದ್ದೆ. ಮೊದಲು ಬಂಡೆಗೆ ಆಸರೆ ಕಂಬ ಕೊಟ್ಟು, ಹೆಲ್ಮೆಟ್ ಹಾಕ್ಕೊಂಡು ಹೋಗ್ತಿದ್ದೆ." ಅವನು ತಲೆ ತಗ್ಗಿಸಿದ. "ಒಳಗಿರೋದು ನೀವು ಅನ್ನಿಸಿದಾಗ ಅದ್ಯಾವುದೂ ನೆನಪಾಗಲಿಲ್ಲ. ನೀವಂದ್ರೆ ನನಗೆ ಪ್ರಾಣ."

ಅವಳು ಮಣ್ಣು ಮೆತ್ತಿದ ಅವನ ಕೈ ಹಿಡಿದಳು. ಮುಖದ ಗಂಟು ಮಾತ್ರ ಸಡಿಲಿಸಲಿಲ್ಲ.

"ಇನ್ನೊಂದು ಸಲ ಹೀಗೆ ನುಗ್ಗಿದ್ರೆ ನಾನೇ ನಿಮ್ಮನ್ನ ಇಲ್ಲಿ ಹೂತಾಕ್ತೀನಿ."

"ಸರಿ. ನೀವೂ ಎಲ್ಲಿ ಹೋದ್ರೂ ಹೇಳಿ ಹೋಗ್ತೀರಾ?"

"ಹೇಳೋದೇನು, ಜೊತೇಲೇ ಕರ್ಕೊಂಡು ಹೋಗ್ತೀನಿ."