ಆರು ಗಂಟೆಗೆ ನಿಲ್ಲುವ ಓಟ

ವಾನಿದಾ ಮುಚ್ಚಿಟ್ಟಿದ್ದನ್ನು ನಾನು ಬಿಚ್ಚಿಡುವುದು ಸರಿಯೋ ತಪ್ಪೋ ಗೊತ್ತಿಲ್ಲ. ತಪ್ಪಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಖೊನ್ ಕೇನ್ ಊರಿನ ಕೆರೆಯ ಸುತ್ತ ಸಂಜೆ ಓಡುವವರಲ್ಲಿ ಅವಳೂ ಒಬ್ಬಳು. ಅಂಚೆ ಕಚೇರಿಯ ಕೆಲಸ, ಮೂವತ್ತನಾಲ್ಕರ ವಯಸ್ಸು. ಆರನೆಯ ನಿಮಿಷಕ್ಕೆ ಅವಳ ಎದೆ ಬಿಗಿಯುತ್ತಿತ್ತು, ಸ್ಟ್ರಾದಲ್ಲಿ ಗಾಳಿ ಎಳೆದಂತೆ. ಅದಕ್ಕೇ ಆರಕ್ಕೆ ಐದು ನಿಮಿಷ ಇರುವಾಗ ಓಟ ಶುರು. ಆ ದೇಶದಲ್ಲಿ ದಿನಾ ಆರಕ್ಕೆ ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ಬಂದರೆ ಎಲ್ಲರೂ ಇದ್ದಲ್ಲೇ ನಿಲ್ಲುತ್ತಾರೆ. ಅವಳ ಮಾನ ಉಳಿಯುತ್ತಿತ್ತು. ಆಮೇಲೆ ಫೋನ್ ಬಂತೆಂದು ನೆಪ ಹೇಳಿ ಮರದ ಮರೆಗೆ ಹೋಗಿ ಉಬ್ಬಸದ ಇನ್‌ಹೇಲರ್ ಎಳೆಯುತ್ತಿದ್ದಳು.

"ನಿಮ್ಮ ಫೋನಿಗೆ ನನ್ನ ಕಂಡ್ರೆ ಹೊಟ್ಟೆಕಿಚ್ಚು," ಅಂದ ಜೊತೆಗೆ ಓಡುವ ಪ್ರಸಿತ್, ಶಾಲೆಯ ಕವಾಯತು ಮೇಷ್ಟ್ರು.

"ನಮ್ಮಮ್ಮ ಮಾಡೋದು."

"ದಿನಾ ಆರು ಗಂಟೆ ಒಂದು ನಿಮಿಷಕ್ಕಾ?"

ಅವನ ಓರೆನೋಟ ತಪ್ಪಿಸಲು ಅವಳು ಶೂ ಲೇಸ್ ನೋಡಿಕೊಂಡಳು.

ಡಿಸೆಂಬರಿನ ಒಂದು ಸಂಜೆ ಅವನು ಐದೂಮುಕ್ಕಾಲಿಗೇ ಕಾದಿದ್ದ. "ಇವತ್ತು ಪೂರ್ತಿ ಒಂದು ಸುತ್ತು. ಇಬ್ಬರೂ."

ಆಗಲ್ಲ ಅನ್ನಲಾರದೆ ಅವಳು ಅವನ ಜೊತೆ ಓಡತೊಡಗಿದಳು.

ಚಳಿಯ ಒಣಗಾಳಿಗೆ ಎದೆಯೊಳಗೆ ಸಿಳ್ಳೆ ಎದ್ದಿತು. ರಾಷ್ಟ್ರಗೀತೆ ಶುರುವಾದಾಗ ಊರೆಲ್ಲ ನಿಂತಿತ್ತು. ಅವಳೊಬ್ಬಳು ಕುಸಿದು ಕೂತಳು. ಕೈಜಾರಿದ ಇನ್‌ಹೇಲರ್ ಪ್ರಸಿತನ ಪಾದದ ಬಳಿ ಬಿತ್ತು. ಅವನು ಕದಲಲಿಲ್ಲ. ಎಲ್ಲರ ಕಣ್ಣೆದುರು ತೆವಳಿ ಹೋಗಿ ಅವಳೇ ಎತ್ತಿಕೊಂಡಳು.

ಗೀತೆ ಮುಗಿದದ್ದೇ ಅವನು ಮಂಡಿಯೂರಿದ.

"ಕಾಯಿಲೆ ಮುಚ್ಚಿಟ್ಟೆ," ಅಂದಳು ಉಸಿರು ಸಿಕ್ಕ ಮೇಲೆ. "ನಾಚಿಕೆ ಆಗ್ತಿತ್ತು."

"ನಾಚಿಕೆ ನಂಗಾಗ್ಬೇಕು. ಕಾಲ ಹತ್ರ ಬಿದ್ದಿದ್ದು ಕಾಣಿಸ್ತು. ಬಗ್ಲಿಲ್ಲ."

ಅವಳು ಇನ್‌ಹೇಲರಿನ ಮಣ್ಣೊರೆಸಿ ಜೇಬಿಗೆ ಹಾಕಿಕೊಂಡಳು.

ಅವನೇ ಮತ್ತೆ ಕೇಳಿದ, "ಬೇರೆ ಆಟ ಯಾವ್ದೂ ಆಗಲ್ವಾ?"

"ಏರೋಬಿಕ್ಸ್ ಆದ್ರೆ ಮೂರನೇ ಹಾಡಿಗೆ ಸುಸ್ತು. ಬ್ಯಾಡ್ಮಿಂಟನ್ ಪರ್ವಾಗಿಲ್ಲ, ನಡುನಡುವೆ ಸುಧಾರಿಸ್ಕೋಬಹುದು. ಈಜು ಮಾತ್ರ ಹಾಯಾಗಿರುತ್ತೆ. ನೀರಿನ ಮೇಲಿನ ಬೆಚ್ಚನೆ ಗಾಳಿಗೆ ಎದೆ ತಾನೇ ಬಾಗಿಲು ತೆಗೆಯುತ್ತೆ."

ಅವನ ಕಿವಿ ಕೆಂಪಾಯಿತು. "ನಂಗೆ ಈಜು ಬರಲ್ಲ. ನಮ್ಮ ಶಾಲೆ ಮಕ್ಕಳಿಗೆ ಹೇಳ್ಬೇಡಿ."

ನಗಲು ಹೋಗಿ ಕೆಮ್ಮಿದಳು. "ಶನಿವಾರ ಈಜುಕೊಳಕ್ಕೆ ಬನ್ನಿ. ಸೊಂಟದ ಮಟ್ಟದ ನೀರು."

ಬಂದ. ಕೊಳದ ಅಂಚನ್ನು ಅವಚಿಕೊಂಡು ನಿಂತ. ಅವಳು ಕೈ ಚಾಚಿದಳು.

"ನಿಮ್ಮನ್ನ ತುಂಬಾ ಇಷ್ಟಪಡ್ತೀನಿ," ಅಂದ, ನಡುಗುತ್ತಲೇ.

"ಗೊತ್ತು. ಕಾಲು ಬಡೀರಿ."

ಈಗ ಪ್ರತಿ ಶನಿವಾರ ಇಬ್ಬರೂ ಅಲ್ಲೇ. ಅವನು ಬಗ್ಗದೆ ನಿಂತ ಆ ಒಂದು ನಿಮಿಷವನ್ನು ಅವಳು ಕ್ಷಮಿಸಿದ್ದಾಳೆಯೇ ಎಂಬುದು ಮಾತ್ರ ನನಗೆ ತಿಳಿಯದು.