ಗಾಳಿಬೀಡಿನ ಸೆಲ್ಫಿ

ಬೆಳ್ಯಪ್ಪನವರು ಕುರ್ಚಿಯಲ್ಲಿ ಕೂತವರೇ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು. ಗಾಳಿಬೀಡಿನ ಕಾಫಿ ಬೆಳೆಗಾರರು, ನಾಲ್ಕು ಜನರ ಮುಂದೆ ತಲೆಯೆತ್ತಿ ಮಾತಾಡಿ ಗೊತ್ತಿದ್ದವರು. ಅಂದು ತಲೆ ತಗ್ಗಿಸಿಯೇ ಮಾತು ಶುರು ಮಾಡಿದರು.

“ನನ್ನ ಮಗಳು ಮೋನಿಷಾ ಸೆಲ್ಫಿ ತೆಗೆದು ಯಾವನಿಗೋ ಕಳಿಸಿದ್ದಾಳೆ ಮೇಡಂ. ಅದು ಗಂಡಿನ ಅಪ್ಪನ ಫೋನಿಗೇ ಬಂದು ಬಿದ್ದಿದೆ. ಅವರು ಅದನ್ನ ನನಗೆ ಕಳಿಸಿದರು. ಯಾರಿಗೆ ಕಳಿಸಿದ್ದು ಅಂತ ಗೊತ್ತಾಗದೆ ಮದುವೆ ಇಲ್ಲ ಅಂತಾರೆ. ಆ ಹುಡುಗ ಯಾರು ಅಂತ ನೀವೇ ಹುಡುಕಿಕೊಡಬೇಕು.”

ಚನ್ನಬಸಮ್ಮ ಪೊಲೀಸ್ ಇಲಾಖೆಯಿಂದ ನಿವೃತ್ತರಾಗಿ ಕುಶಾಲನಗರದಲ್ಲಿ ಮನೆ ಮಾಡಿದ್ದರು. ಅವರು ಕೆಲಸ ಬಿಟ್ಟರೂ ಕೇಸುಗಳು ಅವರನ್ನು ಬಿಟ್ಟಿರಲಿಲ್ಲ. ಮಹಡಿಯ ಬಾಡಿಗೆದಾರ ರೇಣುಕಪ್ರಸಾದ್, ಹಾಸನದ ಕಡೆಯ ನಿವೃತ್ತ ಮೇಷ್ಟ್ರು, ಯಾರಾದರೂ ಹೀಗೆ ಅಳುಮೋರೆ ಹೊತ್ತು ಬಂದರೆ ಕರೆಯದೆಯೇ ಕೆಳಗಿಳಿಯುತ್ತಿದ್ದರು. ಕಾರು ಓಡಿಸುವವರೂ ಅವರೇ.

“ಮಗಳು ಏನಂತಾಳೆ?” ಚನ್ನಬಸಮ್ಮ ಕೇಳಿದರು.

“ತೆಗೆದೇ ಇಲ್ಲ ಅಂತಾಳೆ. ಸಿಕ್ಕಿಬಿದ್ದವರು ಇನ್ನೇನು ಹೇಳ್ತಾರೆ? ಅವಳ ಫೋನ್ ಕಿತ್ತಿಟ್ಟುಕೊಂಡಿದ್ದೇನೆ. ಮಡಿಕೇರಿಗೆ ಕೆಲಸಕ್ಕೆ ಹೋಗೋದನ್ನೂ ನಿಲ್ಲಿಸಿದ್ದೇನೆ.”

ಚನ್ನಬಸಮ್ಮ ಫೋನು ತಿರುಗಿಸಿದರು. ಎದೆಯಿಂದ ಮೇಲಕ್ಕೆ ಉಳಿಸಿ ಸುತ್ತಲೂ ಕತ್ತರಿಸಿದ ಫೋಟೊ. ಸೆರಗು ಇನ್ನೂ ಹರಡಿರಲಿಲ್ಲ, ರವಿಕೆ ಎದ್ದು ಕಾಣುತ್ತಿತ್ತು. ಹುಡುಗಿ ಎಡಭುಜದ ಮೇಲೆ ಸೆರಗನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಇನ್ನೊಂದರಲ್ಲಿ ಪಿನ್ನು ಚುಚ್ಚುತ್ತ, ನೇರ ನೋಡಿ ನಗುತ್ತಿದ್ದಳು. ಹಣೆಯ ಪಕ್ಕದಲ್ಲೊಂದು ಕಂದು ಮಚ್ಚೆ. ಕೆಳಗೆ ‘ನಿಮ್ಮ ಸೊಸೆ ಊರಿಗೆಲ್ಲ ಕಳಿಸುವ ಸೆಲ್ಫಿ’ ಎಂದು ಬರೆದಿತ್ತು. ಕಳಿಸಿದ ನಂಬರು ಈಗ ಸ್ವಿಚ್ ಆಫ್.

ಹೆಣ್ಣುಮಗಳ ಫೋಟೊ ದಿಟ್ಟಿಸಬಾರದೆಂದು ರೇಣುಕಪ್ರಸಾದ್ ಥಟ್ಟನೆ ಮುಖ ತಿರುಗಿಸಿದರು. “ಈಗಿನ ಮಕ್ಕಳಿಗೆ ಸೆಲ್ಫಿ ಅಂದರೆ ಪ್ರಾಣ,” ಎಂದು ನಿಟ್ಟುಸಿರಿಟ್ಟರು.

“ಸೆಲ್ಫಿ ಅಂದರೇನು ಮೇಷ್ಟ್ರೇ?”

“ತನ್ನ ಫೋಟೊವನ್ನು ತಾನೇ ತೆಗೆದುಕೊಳ್ಳೋದು.”

“ಇದು ಸೆಲ್ಫಿ ಅಂತ ನಿಮಗೆ ಹೇಳಿದವರು ಯಾರು?”

“ಕೆಳಗೆ ಬರೆದಿದೆಯಲ್ಲ ಮೇಡಂ!”

ಚನ್ನಬಸಮ್ಮ ಕಾರು ತೆಗೆಯಲು ಹೇಳಿದರು.

ಗಾಳಿಬೀಡಿನ ಮನೆಯಲ್ಲಿ ಬೆಳ್ಯಪ್ಪನವರ ಅಕ್ಕ ಹೊನ್ನಮ್ಮ ಬಾಗಿಲು ತೆರೆದರು. ತಾಯಿ ತೀರಿಕೊಂಡ ಮೇಲೆ ಮೋನಿಷಾಳನ್ನು ಸಾಕಿದವರು ಇವರೇ. ಒಳಗಿದ್ದ ಹುಡುಗಿಯ ಕಣ್ಣು ಅತ್ತು ಅತ್ತು ಊದಿಕೊಂಡಿತ್ತು. ಚನ್ನಬಸಮ್ಮ ಫೋಟೊವನ್ನು ಅವಳ ಮುಂದೆ ಹಿಡಿದರು.

ಮೋನಿಷಾ ಫೋನನ್ನು ಕಸಿದುಕೊಂಡಳು. “ಇದನ್ನ ಈವರೆಗೆ ಯಾರೂ ನನಗೆ ತೋರಿಸಿಲ್ಲ.”

“ಅದನ್ನ ಅವಳಿಗೆ ಯಾವ ಮುಖದಲ್ಲಿ ತೋರಿಸೋದು?” ಬೆಳ್ಯಪ್ಪ ಗೊಣಗಿದರು. ಎರಡು ಮನೆಯ ಗಂಡಸರೆಲ್ಲ ನೋಡಿದ್ದ ಫೋಟೊವನ್ನು ಆ ಹುಡುಗಿಯೊಬ್ಬಳೇ ನೋಡಿರಲಿಲ್ಲ. ರೇಣುಕಪ್ರಸಾದ್‌ಗೆ ಮೈಯೆಲ್ಲ ಉರಿದುಹೋಯಿತು.

“ಇದು ನಿಶ್ಚಿತಾರ್ಥದ ಸೀರೆ,” ಮೋನಿಷಾ ಅಂಚನ್ನು ತೋರಿಸಿದಳು. “ಉದಯನ ಮನೆಯವರೇ ತಂದದ್ದು. ಉಟ್ಟದ್ದು ಅದೊಂದೇ ದಿನ. ಉದಯನ ಅಕ್ಕ ನಿಶ್ಮಿತಾ ಇದೇ ಕೋಣೆಯಲ್ಲಿ ಉಡಿಸಿದರು.”

ಹೊನ್ನಮ್ಮ ಕನ್ನಡಕ ಹಾಕಿ ಬಾಗಿದರು. “ಇದೆಂತ, ಸೆರಗು ಎಡಕ್ಕುಂಟಲ್ಲ? ಆ ದಿನ ಕೊಡಗಿನ ಕ್ರಮದಲ್ಲಿ ಬಲಭುಜಕ್ಕೇ ಉಡಿಸಿದ್ದು. ನಾನು ಹೂ ತಂದು ಕೊಡುವಾಗ ನೋಡಿದ್ದೇನೆ.”

ಚನ್ನಬಸಮ್ಮ ಅಲ್ಮೇರಾದ ಕನ್ನಡಿಯ ಮುಂದೆ ನಿಂತು, ಅದರ ಮೇಲಿದ್ದ ಕಂದು ಕಲೆಯನ್ನು ಕರವಸ್ತ್ರದಿಂದ ಉಜ್ಜಿದರು. ಅದು ಹೋಗಲಿಲ್ಲ. ಆಮೇಲೆ ಗಂಡಿನ ಮನೆಯವರನ್ನು ಕರೆಸಲು ಹೇಳಿದರು. “ಯಾರಿಗೆ ಕಳಿಸಿದ್ದು ಅಂತ ಸಿಕ್ಕಿದೆ ಅನ್ನಿ. ಓಡಿ ಬರ್ತಾರೆ.”

ಓಡಿಯೇ ಬಂದರು. ಉದಯನ ತಂದೆ ಸೋಮಯ್ಯ ಕಾಫಿ ಲೋಟ ಮುಟ್ಟದೆ ಬಿಗಿದುಕೊಂಡು ಕೂತರು. ಪಕ್ಕದಲ್ಲಿ ಉದಯ, ಅವನ ಹಿಂದೆ ನಿಶ್ಮಿತಾ.

“ನಾವೀಗ ಬೇರೆಯವರು ತೆಗೆದ ಫೋಟೊಕ್ಕೂ ಸೆಲ್ಫಿ ಅಂತೀವಿ,” ಚನ್ನಬಸಮ್ಮ ಶುರು ಮಾಡಿದರು. “ಬರೆದವರು ಆ ಒಂದು ಪದ ಹಾಕಿದರು. ತೆಗೆದವಳು ಇವಳೇ ಅಂತ ಎಲ್ಲರೂ ಒಪ್ಪಿಬಿಟ್ಟಿರಿ. ಈಗ ಕೈ ನೋಡಿ. ಒಂದು ಸೆರಗು ಹಿಡಿದಿದೆ, ಒಂದು ಪಿನ್ನು ಹಿಡಿದಿದೆ. ಫೋನ್ ಹಿಡಿದ ಕೈ ಯಾರದು?”

“ಟೈಮರ್ ಇಟ್ಟಿರಬಹುದು,” ಎಂದ ಉದಯ.

“ಇರಬಹುದು. ಆದರೆ ಬಲಕ್ಕೆ ಉಟ್ಟ ಸೆರಗು ಎಡಕ್ಕೆ ಬಂದಿದೆ. ಹಣೆಯ ಪಕ್ಕದ ಮಚ್ಚೆ ಇವಳ ಮುಖದಲ್ಲಿಲ್ಲ, ಒಳಗಿನ ಕನ್ನಡಿಯಲ್ಲಿದೆ. ಇವಳು ನೋಡುತ್ತಿದ್ದದ್ದು ಕನ್ನಡಿಯನ್ನು. ಹಿಂದೆ ನಿಂತವರು ಆ ಕನ್ನಡಿಯ ಫೋಟೊ ತೆಗೆದರು. ತಾವೂ ಅದರಲ್ಲಿ ಕಂಡಿರಬೇಕು, ಅದಕ್ಕೇ ಸುತ್ತಲೂ ಕತ್ತರಿ ಬಿದ್ದಿದೆ. ಈ ಸೀರೆ ಉಟ್ಟದ್ದು ಒಂದೇ ದಿನ. ಪಿನ್ನು ಹಾಕುವಾಗ ಹಿಂದೆ ಇದ್ದದ್ದು ಒಬ್ಬರೇ.”

“ಹೌದು, ನಿಶ್ಮಿತಾ ಅಕ್ಕನ ಕೈಯಲ್ಲಿ ಫೋನ್ ಇತ್ತು,” ಮೋನಿಷಾ ಮೆಲ್ಲಗೆ ಎಂದಳು. “ಏನೋ ತಮಾಷೆ ಹೇಳಿ ನಗಿಸಿದರು. ನಾನು ಗಮನಿಸಲಿಲ್ಲ.”

ನಿಶ್ಮಿತಾ ಅಳತೊಡಗಿದಳು. “ನಾನು ಕೆಟ್ಟದ್ದಕ್ಕೆ ತೆಗೆದದ್ದಲ್ಲ. ಹುಡುಗಿ ಎಷ್ಟು ಚೆಂದ ಕಾಣ್ತಾಳೆ ಅಂತ ತಮ್ಮನಿಗೆ ಕಳಿಸಿದೆ. ಅವನೊಬ್ಬನಿಗೇ!”

“ಯಾರಿಗೆ ಹೋಯಿತು ಅಂತ ಕೇಳಿದ್ದಿರಲ್ಲ ಸೋಮಯ್ಯನವರೇ, ಮದುವೆ ಗಂಡಿಗೇ ಹೋಯಿತು. ಬೇರೆ ನಂಬರಿನಿಂದ ನಿಮಗೆ ಕಳಿಸಿದವನೂ ಅವನೇ.” ಚನ್ನಬಸಮ್ಮ ಉದಯನ ಕಡೆ ತಿರುಗಿದರು. “ಯಾಕೆ ಹೀಗೆ ಮಾಡಿದೆಯಪ್ಪ?”

ಉದಯ ತಲೆಯೆತ್ತಲಿಲ್ಲ. “ನನ್ನ ಮನಸ್ಸಲ್ಲಿ ಬೇರೆ ಹುಡುಗಿ ಇದ್ದಾಳೆ. ಅಪ್ಪನಿಗೆ ಹೇಳಲು ಧೈರ್ಯ ಬರಲಿಲ್ಲ.”

ಅಪ್ಪನ ಒಂದು ಬೈಗುಳ ತಪ್ಪಿಸಿಕೊಳ್ಳಲು ಒಂದು ಹೆಣ್ಣಿನ ಮಾನವನ್ನೇ ಬೀದಿಗಿಟ್ಟಿದ್ದ! ಎದ್ದು ಹೋಗಿ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು ರೇಣುಕಪ್ರಸಾದ್‌ಗೆ. ನಿಶ್ಮಿತಾಳಾದರೋ ಎಲ್ಲ ಗೊತ್ತಿದ್ದೂ ಇಷ್ಟು ದಿನ ಬಾಯಿ ಹೊಲಿದುಕೊಂಡಿದ್ದಳು.

ಸೋಮಯ್ಯ ಗಂಟಲು ಸರಿ ಮಾಡಿಕೊಂಡರು. “ಹುಡುಗನಿಗೆ ನಾನು ಬುದ್ಧಿ ಹೇಳ್ತೇನೆ. ಹುಡುಗಿದೇನೂ ತಪ್ಪಿಲ್ಲ ಅಂತಾಯ್ತಲ್ಲ, ಮದುವೆ ಗೊತ್ತು ಮಾಡಿದ ದಿನವೇ ಇರಲಿ.”

ಬೆಳ್ಯಪ್ಪನವರ ಮುಖ ಅರಳಿತು. ಅದನ್ನು ಮೋನಿಷಾ ನೋಡಿದಳು.

“ಈ ಮದುವೆ ನನಗೆ ಬೇಡ,” ಎಂದಳು. ಆಮೇಲೆ ಉದಯನ ಕಡೆ ತಿರುಗಿಯೂ ನೋಡದೆ, ತಂದೆಯ ಮುಂದೆ ಬಂದು ನಿಂತಳು. “ಅವನು ಹೊರಗಿನವನು, ಬಿಡಿ. ಅಪ್ಪಾ, ನೀವು ಆ ಫೋಟೊ ಎಷ್ಟು ಸಲ ನೋಡಿದಿರಿ? ನನ್ನ ಎರಡು ಕೈಯೂ ಅದರಲ್ಲೇ ಇದ್ದವಲ್ಲ.”

ಮೋನಿಷಾ ತಂದೆಯ ಜೇಬಿನಿಂದ ತನ್ನ ಫೋನನ್ನು ತಾನೇ ತೆಗೆದುಕೊಂಡು ಒಳಗೆ ಹೋದಳು. ಮೇಷ್ಟ್ರು ಕಾರಿನ ಬಾಗಿಲು ತೆಗೆಯುತ್ತ ಹಿಂದಿರುಗಿ ನೋಡಿದಾಗ ಬೆಳ್ಯಪ್ಪ ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ಅದೇ ಫೋಟೊವನ್ನು ಬೆರಳಿಂದ ದೊಡ್ಡದು ಮಾಡಿ ಮಗಳ ಕೈಗಳನ್ನು ನೋಡುತ್ತಿದ್ದರು.